ಬಣ್ಣದಿಂದ ಔಷಧವನ್ನಳೆಯುವ ಬಗೆ

ರೋಗಿಯು ವೈದ್ಯನಲ್ಲಿ ವಿಶ್ವಾಸವಿಡುತ್ತಾನೆ; ವೈದ್ಯನು ಔಷಧದಲ್ಲಿ ವಿಶ್ವಾಸವಿಡುತ್ತಾನೆ. ಆದರೆ ಗುಳಿಗೆಯೊಳಗೆ ಇರುವುದೇನು, ಇರುವುದೆಷ್ಟು ಎಂಬುದನ್ನು ರೋಗಿಯೂ ಕಾಣನು, ವೈದ್ಯನೂ ಕಾಣನು. ಸೀಮೆಸುಣ್ಣವೂ ಬಿಳಿ, ಹಿಟ್ಟೂ ಬಿಳಿ, ಸಕ್ಕರೆಯೂ ಬಿಳಿ. ಪ್ರಾಣವನ್ನುಳಿಸುವ ಮದ್ದೂ ಹೆಚ್ಚಾಗಿ ಬಿಳಿಯೇ. ಪೊಟ್ಟಣದ ಮೇಲೆ ೩೦೦ ಮಿಲಿಗ್ರಾಮ್ ಎಂದು ಅಚ್ಚಾಗಿದ್ದರೆ ಅಷ್ಟು ಮದ್ದು ಒಳಗಿರುವುದೆಂದು ನಾವು ನಂಬುತ್ತೇವೆ. ಈ ನಂಬಿಕೆಗೆ ಆಧಾರವಿರಬೇಕಾದರೆ ಎಲ್ಲಿಯೋ ಒಬ್ಬರು ಆ ಗುಳಿಗೆಯನ್ನು ಪುಡಿಮಾಡಿ, ಕರಗಿಸಿ, ಅಳೆದು ನೋಡಿರಬೇಕು. ಹಾಗೆ ಅಳೆಯುವ ವಿಧಾನಗಳು ಹಲವು ಉಂಟು. ಅವುಗಳಲ್ಲಿ ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಕಲಿಯುವ ಹುಡುಗಿಯರಿಗೂ ತಿಳಿಯತಕ್ಕ, ಆದರೆ ಬಹು ಎಚ್ಚರಿಕೆಯನ್ನು ಕೇಳುವ, ಒಂದು ವಿಧಾನವನ್ನು ಈ ಲೇಖನದಲ್ಲಿ ವಿವರಿಸುತ್ತೇನೆ. ಅದೇ ಬಣ್ಣದಿಂದ ಅಳೆಯುವ ವಿಧಾನವು.

ಎರಡು ಪದಾರ್ಥಗಳು ಕೂಡಿದಾಗ ಹೊಸ ಬಣ್ಣ ಹುಟ್ಟುವುದು ನಮ್ಮ ಮನೆಗಳಲ್ಲಿ ಹೊಸ ಸಂಗತಿಯೇನೂ ಅಲ್ಲ. ಅರಿಸಿನದ ನೀರಿಗೆ ಸುಣ್ಣವನ್ನು ಬೆರೆಸಿದ ಕೂಡಲೆ ಅದು ಕೆಂಪಾಗುತ್ತದೆ; ಆರತಿಯ ತಟ್ಟೆಗೆ ಓಕುಳಿಯನ್ನು ಕಲಸಿದ ಅಜ್ಜಿಯರೆಲ್ಲರೂ ಇದನ್ನು ಬಲ್ಲರು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿದರೆ ಕಪ್ಪು ಮಸಿಯಾಗುತ್ತದೆ. ಹಿಂದಿನ ಕಾಲದ ಲೆಕ್ಕದ ಪುಸ್ತಕಗಳು ಇಂಥ ಮಸಿಯಿಂದಲೂ ಬರೆಯಲ್ಪಡುತ್ತಿದ್ದವು. ಅನ್ನಭೇದಿಯೆಂಬುದು ಕಬ್ಬಿಣದ ಒಂದು ಲವಣವು. ಅದರಲ್ಲಿರುವ ಕಬ್ಬಿಣವು ಗಾಳಿಯ ಸಹಾಯದಿಂದ ಅಳಲೆಕಾಯಿಯ ಒಗರಿನ ಅಂಶದೊಡನೆ ಸೇರಿ ಆ ಕಪ್ಪನ್ನು ಉಂಟುಮಾಡುತ್ತದೆ. ಈ ಮಸಿಯ ಉದಾಹರಣೆಯನ್ನು ವಾಚಕರು ನೆನಪಿನಲ್ಲಿಡಬೇಕು. ನಾವು ಈಗ ನೋಡಲಿರುವ ಔಷಧದ ಪರೀಕ್ಷೆಯು ಅದಕ್ಕೆ ಹತ್ತಿರದ ಸಂಬಂಧಿಯೇ ಆಗಿದೆ.

ಆ ಔಷಧವು ಯಾವುದೆಂದರೆ ಆಸ್ಪಿರಿನ್. ಇಂಗ್ಲೆಂಡಿನ ಪಾದ್ರಿಯಾದ ಎಡ್ವರ್ಡ್ ಸ್ಟೋನ್ ಎಂಬವರು ವಿಲ್ಲೋ ಮರದ ತೊಗಟೆಯ ಪುಡಿಯು ಚಳಿಜ್ವರವನ್ನು ಇಳಿಸುವುದೆಂದು ೧೭೬೩ರಲ್ಲಿ ರಾಯಲ್ ಸೊಸೈಟಿಗೆ ಬರೆದು ತಿಳಿಸಿದರು. ಮುಂದಣ ಶತಮಾನದಲ್ಲಿ ರಸಾಯನಜ್ಞರು ಆ ಜಾಡನ್ನು ಹಿಡಿದು ಸ್ಯಾಲಿಸಿಲಿಕ್ ಆಮ್ಲವನ್ನು ಪಡೆದರು. ಅದು ನೋವನ್ನು ಶಮನಮಾಡುತ್ತಿತ್ತಾದರೂ ಹೊಟ್ಟೆಯನ್ನು ಬಹಳವಾಗಿ ಕೆಡಿಸುತ್ತಿತ್ತು. ೧೮೯೭ರಲ್ಲಿ ಜರ್ಮನಿಯ ಬಾಯರ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ಫೆಲಿಕ್ಸ್ ಹಾಫ್‌ಮನ್ ಎಂಬವರು ಅದಕ್ಕೆ ಅಸಿಟೈಲ್ ಎಂಬ ಸಣ್ಣ ಗುಂಪನ್ನು ಜೋಡಿಸಿದ ಶುದ್ಧ ಪದಾರ್ಥವನ್ನು ತಯಾರಿಸಿದರು. ಇದೇ ಆಸ್ಪಿರಿನ್. ಹೀಗೆ ಆಸ್ಪಿರಿನ್ನೆಂದರೆ ಸ್ಯಾಲಿಸಿಲಿಕ್ ಆಮ್ಲಕ್ಕೆ ಒಂದು ಮುಚ್ಚಳವನ್ನು ಹಾಕಿದಂತೆ ಎಂದು ತಿಳಿಯಬಹುದು.

ಸ್ಯಾಲಿಸಿಲಿಕ್ ಆಮ್ಲದ ಅಣುವಿನಲ್ಲಿ ಪಕ್ಕಪಕ್ಕದಲ್ಲಿರುವ ಎರಡು ಗುಂಪುಗಳು ಏಡಿಯ ಎರಡು ಕೊಂಬುಗಳಂತೆ ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ. ಹಾಗೆ ಹಿಡಿದಾಗ ದ್ರಾವಣವು ಅಂದವಾದ ನೇರಳೆ ಬಣ್ಣವನ್ನು ತಾಳುತ್ತದೆ. ಆಸ್ಪಿರಿನ್ನಿನಲ್ಲಾದರೋ ಒಂದು ಕೊಂಬಿಗೆ ಮುಚ್ಚಳವಿರುವುದರಿಂದ ಈ ಹಿಡಿತವು ಸಾಧ್ಯವಾಗುವುದಿಲ್ಲ. ಶುದ್ಧವಾದ ಆಸ್ಪಿರಿನ್ನಿಗೆ ಫೆರಿಕ್ ಕ್ಲೋರೈಡನ್ನು ಹಾಕಿದರೆ ನೇರಳೆ ಬಣ್ಣ ಬರುವುದಿಲ್ಲ. ಆದುದರಿಂದ ಪರೀಕ್ಷಕರು ಮೊದಲು ಗುಳಿಗೆಯ ಪುಡಿಯನ್ನು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಕುದಿಸುತ್ತಾರೆ. ಆಗ ಮುಚ್ಚಳವು ಕಳಚಿ ಬೀಳುತ್ತದೆ. ಬಳಿಕ ಆಮ್ಲ ಬೆರೆಸಿದ ಕಬ್ಬಿಣದ ದ್ರಾವಣವನ್ನು ಸೇರಿಸಿದರೆ ನೇರಳೆ ಬಣ್ಣವು ಕಾಣಿಸಿಕೊಳ್ಳುತ್ತದೆ. ಮದ್ದು ಹೆಚ್ಚಿದ್ದರೆ ಬಣ್ಣ ಗಾಢ, ಕಡಿಮೆಯಿದ್ದರೆ ತೆಳು.

ಇಷ್ಟರಿಂದ ಮದ್ದು ಇದೆ ಎಂಬುದು ತಿಳಿಯಿತು. ಎಷ್ಟಿದೆ ಎಂಬುದು ಇನ್ನೂ ತಿಳಿಯಲಿಲ್ಲ. ಬಣ್ಣವನ್ನು ಸಂಖ್ಯೆಗೆ ತಿರುಗಿಸುವುದು ಹೇಗೆ?

ಇದರ ತತ್ವವನ್ನು ಒಂದು ಸಾಮಾನ್ಯ ದೃಷ್ಟಾಂತದಿಂದ ತಿಳಿಯೋಣ. ಬಣ್ಣದ ಗಾಜಿನ ಒಂದು ತುಂಡು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅರ್ಧವನ್ನು ಹೀರಿ ಅರ್ಧವನ್ನು ಆಚೆಗೆ ಬಿಡುವುದೆಂದು ಭಾವಿಸಿರಿ. ಅದರ ಹಿಂದೆ ಅಂಥದೇ ಇನ್ನೊಂದನ್ನು ಇಟ್ಟರೆ ಬೆಳಕು ಪೂರಾ ನಿಂತುಹೋಗುವುದಿಲ್ಲ. ಉಳಿದ ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗವು, ದಾಟುತ್ತದೆ. ಮೂರನೆಯದನ್ನು ಇಟ್ಟರೆ ಎಂಟರಲ್ಲಿ ಒಂದು ಭಾಗವು ದಾಟುತ್ತದೆ. ಈ ನಿಯಮವನ್ನು ಫ್ರಾನ್ಸಿನ ಬುಗೇರ್ ೧೭೨೯ರಲ್ಲಿ ಕಂಡರು. ಲ್ಯಾಂಬರ್ಟ್ ೧೭೬೦ರಲ್ಲಿ ಅದನ್ನು ಗಣಿತದ ರೂಪದಲ್ಲಿ ಹೇಳಿದರು. ಗಾಜಿನ ದಪ್ಪಕ್ಕೆ ಅನ್ವಯಿಸುವ ಈ ಮಾತು ದ್ರಾವಣದಲ್ಲಿ ಕರಗಿರುವ ಪದಾರ್ಥದ ಪ್ರಮಾಣಕ್ಕೂ ಅನ್ವಯಿಸುವುದೆಂದು ಜರ್ಮನಿಯ ಬಿಯರ್ ಎಂಬವರು ೧೮೫೨ರಲ್ಲಿ ತೋರಿಸಿಕೊಟ್ಟರು. ದಾಟಿದ ಬೆಳಕಿನಿಂದ ಲಾಗರಿದಮ್ಮಿನ ಮೂಲಕ ದೊರೆಯುವ ಸಂಖ್ಯೆಗೆ ಹೀರಿಕೆ ಎಂದು ಹೆಸರಿಡೋಣ. ಅರ್ಧ ಬೆಳಕು ದಾಟಿದರೆ ಹೀರಿಕೆಯು ಸುಮಾರು ೦.೩೦, ಕಾಲು ಭಾಗ ದಾಟಿದರೆ ೦.೬೦, ಹತ್ತರಲ್ಲೊಂದು ಭಾಗ ದಾಟಿದರೆ ೧. ಈ ಸಂಖ್ಯೆಯ ಉಪಯೋಗವೇನೆಂದರೆ, ತಕ್ಕಷ್ಟು ತೆಳುವಾದ ದ್ರಾವಣಗಳಲ್ಲಿ ಮದ್ದು ಇಮ್ಮಡಿಯಾದರೆ ಹೀರಿಕೆಯೂ ಇಮ್ಮಡಿಯಾಗುತ್ತದೆ. ಲಾಗರಿದಮ್ಮಿನ ಪಾಠವು ಯಾತಕ್ಕೆ ಬಂತೆಂದು ಕೇಳುವ ವಿದ್ಯಾರ್ಥಿನಿಯರಿಗೆ ಇದೂ ಒಂದು ಉತ್ತರವಾಗಿದೆ.

ಹಿಂದಿನವರು ಎರಡು ನಳಿಗೆಗಳನ್ನು ಬೆಳಕಿಗೆ ಹಿಡಿದು ಕಣ್ಣಿನಿಂದಲೇ ಹೋಲಿಸುತ್ತಿದ್ದರು. ಕಣ್ಣು ಎರಡು ಬಣ್ಣಗಳು ಒಂದೇ ಸಮನಾಗಿವೆಯೋ ಇಲ್ಲವೋ ಎಂಬುದನ್ನು ಚೆನ್ನಾಗಿ ಹೇಳಬಲ್ಲುದು. ಒಂದು ಇನ್ನೊಂದಕ್ಕಿಂತ ಎಷ್ಟು ಪಾಲು ಗಾಢವೆಂಬುದನ್ನು ಹೇಳಲಾರದು. ಅದೂ ಅಲ್ಲದೆ ದಣಿದ ಕಣ್ಣಿಗೂ ಮೋಡದ ದಿನಕ್ಕೂ ಫಲವು ಬೇರೆಯಾಗುತ್ತದೆ. ಆದಕಾರಣ ಈಗ ಕಲರಿಮೀಟರ್ ಎಂಬ ವರ್ಣಮಾಪಕವು ಬಳಕೆಯಲ್ಲಿದೆ. ಅದರಲ್ಲಿ ಒಂದು ದೀಪ, ಬೆಳಕನ್ನು ಸೋಸುವ ಒಂದು ಬಣ್ಣದ ಗಾಜು, ದ್ರಾವಣವನ್ನು ಹೊಯ್ಯುವ ಒಂದು ಸೆಂಟಿಮೀಟರ್ ಅಗಲದ ಪುಟ್ಟ ಪಾತ್ರೆ, ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಒಂದು ಕೋಶ, ಇಷ್ಟೇ ಮುಖ್ಯ ಭಾಗಗಳು. ನೇರಳೆ ದ್ರಾವಣಕ್ಕೆ ಹಸಿರು ಬೆಳಕನ್ನೇ ಹಾಯಿಸಬೇಕು. ಯಾಕಂದರೆ ನೇರಳೆಯಾಗಿ ಕಾಣುವ ವಸ್ತುವು ಹಸಿರನ್ನು ಹೀರುವುದರಿಂದಲೇ ನೇರಳೆಯಾಗಿ ಕಾಣುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ತಿಳುವಳಿಕೆಗಾಗಿ ಸುಲಭವಾದ ಅಂಕಿಗಳನ್ನು ತೆಗೆದುಕೊಂಡಿದ್ದೇನೆ. ಮೊದಲು ಶುದ್ಧವೆಂದು ನಿಶ್ಚಯವಾದ ಆಸ್ಪಿರಿನ್ನನ್ನು ತೂಗಿ, ಮೇಲೆ ಹೇಳಿದಂತೆ ಕುದಿಸಿ, ಕಬ್ಬಿಣವನ್ನು ಸೇರಿಸಿ, ಲೀಟರಿಗೆ ೨೦, ೪೦, ೬೦, ೮೦ ಮಿಲಿಗ್ರಾಮ್ ಇರುವಂತೆ ನಾಲ್ಕು ದ್ರಾವಣಗಳನ್ನು ಸಿದ್ಧಪಡಿಸಬೇಕು. ಅವುಗಳ ಹೀರಿಕೆಯು ಕ್ರಮವಾಗಿ ೦.೧೮, ೦.೩೬, ೦.೫೪, ೦.೭೨ ಎಂದು ಬಂತೆನ್ನೋಣ. ಚೌಕದ ಕಾಗದದ ಮೇಲೆ ಗುರುತಿಸಿದರೆ ನಾಲ್ಕು ಚುಕ್ಕೆಗಳೂ ಒಂದೇ ಸರಳರೇಖೆಯಲ್ಲಿ ನಿಲ್ಲುತ್ತವೆ. ಈ ರೇಖೆಯೇ ನಮ್ಮ ಅಳತೆಗೋಲು.

ಅನಂತರ ೩೦೦ ಮಿಲಿಗ್ರಾಮಿನ ಚೀಟಿಯುಳ್ಳ ಗುಳಿಗೆಗಳನ್ನು ತೆಗೆದುಕೊಳ್ಳಬೇಕು. ಒಂದನ್ನು ಮಾತ್ರ ಪರೀಕ್ಷಿಸಿದರೆ ಸಾಲದು. ೨೦ ಗುಳಿಗೆಗಳನ್ನು ತೂಗಿ, ನುಣ್ಣಗೆ ಅರೆದು, ಆ ಪುಡಿಯಲ್ಲಿ ಒಂದು ಗುಳಿಗೆಯ ಸರಾಸರಿ ತೂಕದಷ್ಟನ್ನು ತೆಗೆಯುವುದು ವಾಡಿಕೆ. ಅದನ್ನು ಕುದಿಸಿ, ಸೋಸಿ, ೨೫೦ ಮಿಲಿಲೀಟರಿಗೆ ತರಬೇಕು. ಅದರಿಂದ ೫ ಮಿಲಿಲೀಟರನ್ನು ತೆಗೆದು ಕಬ್ಬಿಣದ ದ್ರಾವಣದೊಡನೆ ೧೦೦ ಮಿಲಿಲೀಟರಿಗೆ ತುಂಬಬೇಕು. ಇದರ ಹೀರಿಕೆಯು ೦.೪೫ ಎಂದು ಬಂದರೆ, ರೇಖೆಯ ಪ್ರಕಾರ ಲೀಟರಿಗೆ ೫೦ ಮಿಲಿಗ್ರಾಮ್, ಅಂದರೆ ೧೦೦ ಮಿಲಿಲೀಟರಿನಲ್ಲಿ ೫ ಮಿಲಿಗ್ರಾಮ್ ಇದೆ. ನಾವು ತೆಗೆದುಕೊಂಡದ್ದು ೨೫೦ರಲ್ಲಿ ೫, ಎಂದರೆ ೫೦ರಲ್ಲೊಂದು ಪಾಲು. ಆದುದರಿಂದ ಗುಳಿಗೆಯಲ್ಲಿರುವುದು ೨೫೦ ಮಿಲಿಗ್ರಾಮ್. ಚೀಟಿಯ ಮಾತಿಗೆ ಇದು ನೂರಕ್ಕೆ ೮೩ ಮಾತ್ರ. ಯಾವ ಗುಳಿಗೆಯೂ ಕೂದಲೆಳೆಯಷ್ಟು ತಪ್ಪದೆ ಇರಲಾರದಷ್ಟೆ; ಅದಕ್ಕಾಗಿ ಔಷಧಸಂಹಿತೆಗಳು ಇಂತಿಷ್ಟು ಹೆಚ್ಚುಕಡಿಮೆಯನ್ನು ಒಪ್ಪಿಕೊಳ್ಳುತ್ತವೆ. ಅಮೆರಿಕದ ಸಂಹಿತೆಯು ಆಸ್ಪಿರಿನ್ ಗುಳಿಗೆಗಳಿಗೆ ನೂರಕ್ಕೆ ೯೦ರಿಂದ ೧೧೦ರ ವರೆಗೆ ಅವಕಾಶ ಕೊಡುತ್ತದೆ. ೮೩ ಎಂಬುದು ಆ ಬೇಲಿಯ ಹೊರಗಿನದು.

ಈ ಕೆಲಸದಲ್ಲಿ ಮೂರು ಎಚ್ಚರಿಕೆಗಳು ಅತ್ಯವಶ್ಯ. ಒಂದನೆಯದಾಗಿ, ಕಬ್ಬಿಣದ ದ್ರಾವಣಕ್ಕೆ ತನ್ನದೇ ಆದ ತಿಳಿ ಹಳದಿ ಬಣ್ಣವಿದೆ. ಆದುದರಿಂದ ಮದ್ದೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಬೆರೆಸಿದ ಒಂದು ಬರಿದಾದ ದ್ರಾವಣವನ್ನು ಮೊದಲು ಇಟ್ಟು ಯಂತ್ರವನ್ನು ಸೊನ್ನೆಗೆ ತರಬೇಕು. ಎರಡನೆಯದಾಗಿ, ಕಬ್ಬಿಣವು ಮದ್ದಿಗಿಂತ ಯಥೇಷ್ಟವಾಗಿ ಹೆಚ್ಚಿರಬೇಕು. ಇಲ್ಲವಾದರೆ ಮದ್ದಿದ್ದರೂ ಬಣ್ಣ ಹುಟ್ಟದೆ ಉಳಿಯುತ್ತದೆ. ಮೂರನೆಯದಾಗಿ, ದ್ರಾವಣದಲ್ಲಿ ಆಮ್ಲವು ಹದವಾಗಿರಬೇಕು. ಕ್ಷಾರವು ಮಿಕ್ಕಿದರೆ ಕಬ್ಬಿಣವು ತುಕ್ಕಿನ ಬಣ್ಣದ ಗಷ್ಟಾಗಿ ಕೆಳಗೆ ಕೂರುತ್ತದೆ. ಆಮ್ಲವು ಮಿಕ್ಕಿದರೆ ನೇರಳೆಯು ಮಾಸುತ್ತದೆ. ತಿಳಿದ ದ್ರಾವಣಕ್ಕೂ ತಿಳಿಯದ ದ್ರಾವಣಕ್ಕೂ ಎಲ್ಲವನ್ನೂ ಒಂದೇ ರೀತಿಯಾಗಿ ಮಾಡತಕ್ಕದ್ದು. ಹೋಲಿಕೆಯು ನ್ಯಾಯವಾಗಿದ್ದರೆ ಮಾತ್ರ ತೀರ್ಪು ನ್ಯಾಯವಾಗಿರುತ್ತದೆ.

ಈಗ ಎರಡನೆಯ ಪೊಟ್ಟಣವೊಂದನ್ನು ಪರೀಕ್ಷಿಸಿದೆವೆಂದು ಭಾವಿಸಿರಿ. ಕುದಿಸಿದ ಮೇಲೆ ಹೀರಿಕೆಯು ೦.೫೪ ಬಂತು, ಲೆಕ್ಕಕ್ಕೆ ಸರಿಯಾಗಿ ೩೦೦ ಮಿಲಿಗ್ರಾಮ್. ಮದ್ದು ಪೂರ್ತಿಯಾಗಿದೆಯೆಂದು ಬರೆದುಬಿಡಬಹುದೇ? ಬರೆಯಲಾಗದು. ಆಸ್ಪಿರಿನ್ನಿನ ಮುಚ್ಚಳವು ಕ್ಷಾರದಲ್ಲಿ ಕುದಿಸಿದರೆ ಮಾತ್ರ ಕಳಚುವುದೆಂದಿಲ್ಲ. ತೇವದ ಗಾಳಿಯಲ್ಲಿ ಬಹುಕಾಲವಿದ್ದರೂ ಅದು ಮೆಲ್ಲಮೆಲ್ಲನೆ ಕಳಚುತ್ತದೆ. ಆಗ ಗುಳಿಗೆಯಲ್ಲಿ ಸ್ಯಾಲಿಸಿಲಿಕ್ ಆಮ್ಲವೂ, ವಿನೆಗರಿನ ಹುಳಿಯಾದ ಅಸಿಟಿಕ್ ಆಮ್ಲವೂ ಉಂಟಾಗುತ್ತವೆ. ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನ ವರೆಗೆ ಉಪ್ಪಿನ ಭರಣಿಯೇ ನೀರೊಡೆಯುವಾಗ, ಮುಚ್ಚಳ ಸಡಿಲಾದ ಗುಳಿಗೆಯ ಡಬ್ಬಿಯು ಹುಳಿವಾಸನೆ ಬೀರುವುದು ಈ ಕಾರಣದಿಂದಲೇ. ಹಾಗೆ ಕೆಟ್ಟುಹೋದ ಪಾಲೂ ಕಬ್ಬಿಣದೊಡನೆ ಅದೇ ನೇರಳೆ ಬಣ್ಣವನ್ನು ಕೊಡುವುದರಿಂದ, ಕುದಿಸಿ ಮಾಡಿದ ಪರೀಕ್ಷೆಗೆ ಕೆಟ್ಟದ್ದಕ್ಕೂ ಕೆಡದಿದ್ದಕ್ಕೂ ಭೇದವೇ ತಿಳಿಯದು.

ಆದುದರಿಂದ ಅದೇ ಪುಡಿಯನ್ನು ಕುದಿಸದೆ, ತಣ್ಣಗೆ ಕರಗಿಸಿ, ತಡಮಾಡದೆ ಇನ್ನೊಮ್ಮೆ ಕಬ್ಬಿಣದೊಡನೆ ಪರೀಕ್ಷಿಸಬೇಕು. ಅಳತೆಗಳೆಲ್ಲವೂ ಮೊದಲಿನಂತೆಯೇ ಇರಲಿ. ಈಗ ಹೀರಿಕೆಯು ೦.೦೯ ಬಂದರೆ, ೫೦ ಮಿಲಿಗ್ರಾಮ್ ಆಸ್ಪಿರಿನ್ನು ಆಗಲೇ ಕೆಟ್ಟುಹೋಗಿದೆಯೆಂದು ಅರ್ಥ. ೩೦೦ರಲ್ಲಿ ೫೦ನ್ನು ಕಳೆದರೆ ಉಳಿಯುವುದು ೨೫೦. ಮೊದಲನೆಯ ಪೊಟ್ಟಣದಲ್ಲಿಯೂ ಇದ್ದದ್ದು ೨೫೦. ಎರಡನೆಯದರಲ್ಲಿಯೂ ಉಳಿದದ್ದು ೨೫೦. ಆದರೆ ಮೊದಲನೆಯದು ತಯಾರಿಸುವಾಗಲೇ ಕಡಿಮೆಯಾದದ್ದು. ಎರಡನೆಯದು ಸರಿಯಾಗಿ ತಯಾರಾಗಿ ತೇವದಿಂದ ಕೆಟ್ಟದ್ದು. ಒಂದು ತಯಾರಕನ ಲೋಪ, ಇನ್ನೊಂದು ಹೆಚ್ಚಾಗಿ ಸಂಗ್ರಹಿಸಿಟ್ಟವರ ಲೋಪ. ಪರಿಹಾರವೂ ಬೇರೆ ಬೇರೆ. ಬಣ್ಣವು ಎರಡು ಸಲವೂ ಸುಳ್ಳಾಡಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿತು. ಸರಿಯಾದ ಪ್ರಶ್ನೆಯನ್ನು ಕೇಳುವುದು ಪರೀಕ್ಷಕರ ಕೆಲಸವಾಗಿದೆ. ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವ ಮಾತು ಇದೇ.

ಇದರ ಮಹತ್ವವನ್ನು ಸಲ್ಫಾ ಔಷಧಗಳ ಚರಿತ್ರೆಯು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಜರ್ಮನಿಯ ಗೆರ್ಹಾರ್ಡ್ ಡೋಮಾಕ್ ಎಂಬ ವಿಜ್ಞಾನಿಯು ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣದ ಪದಾರ್ಥವು ರಕ್ತವನ್ನು ನಂಜೇರಿಸುವ ಕ್ರಿಮಿಗಳನ್ನು ತಡೆಯುವುದೆಂದು ೧೯೩೫ರಲ್ಲಿ ಪ್ರಕಟಿಸಿದರು. ಅದೇ ವರುಷ ಅವರ ಮಗಳ ಕೈಗೆ ಸೂಜಿ ಚುಚ್ಚಿ ನಂಜೇರಿದಾಗ ತಂದೆಯು ಕೊಟ್ಟ ಈ ಔಷಧದಿಂದಲೇ ಅವಳು ಗುಣಹೊಂದಿದಳು. ಆ ಕೆಂಪು ಪದಾರ್ಥವು ದೇಹದೊಳಗೆ ಒಡೆದು ಸಲ್ಫನಿಲಮೈಡ್ ಎಂಬ ಬಿಳಿಯ ವಸ್ತುವಾಗುತ್ತದೆ, ಗುಣಕೊಡುವುದು ಅದೇ, ಎಂದು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರು ಕಂಡುಹಿಡಿದರು. ೧೯೩೯ರಲ್ಲಿ ಅಮೆರಿಕದ ಬ್ರಾಟನ್ ಮತ್ತು ಮಾರ್ಷಲ್ ಎಂಬವರು ಇದನ್ನು ರೋಗಿಯ ರಕ್ತದಲ್ಲಿಯೇ ಅಳೆಯುವ ವರ್ಣವಿಧಾನವನ್ನು ಪ್ರಕಟಿಸಿದರು. ಹೇಗಂದರೆ, ರಕ್ತದ ಸಾರಜನಕಯುಕ್ತ ಗಷ್ಟನ್ನು ಬೇರ್ಪಡಿಸಿ, ಆಮ್ಲದ ಸಮ್ಮುಖದಲ್ಲಿ ನೈಟ್ರೈಟನ್ನು ಸೇರಿಸಿ, ಮಿಕ್ಕ ನೈಟ್ರೈಟನ್ನು ಸಲ್ಫಮೇಟಿನಿಂದ ನಾಶಪಡಿಸಿ, ಕೊನೆಗೆ ಇನ್ನೊಂದು ಪದಾರ್ಥದೊಡನೆ ಕೂಡಿಸಿದರೆ ನೇರಳೆಗೆಂಪು ಬಣ್ಣವು ಬರುತ್ತದೆ. ಬಣ್ಣದಿಂದ ಹುಟ್ಟಿದ ಬಿಳಿಯ ಮದ್ದನ್ನು ಮತ್ತೆ ಬಣ್ಣವನ್ನಾಗಿ ಮಾಡಿ ಅಳೆದಂತಾಯಿತು. ಮದ್ದು ರಕ್ತದಲ್ಲಿ ಸಾಕಷ್ಟಿದೆಯೇ, ಮಿತಿಮೀರಿದೆಯೇ ಎಂದು ವೈದ್ಯರು ಊಹಿಸಿ ಕೂರಬೇಕಾದ ಸ್ಥಿತಿಯು ತಪ್ಪಿತು.

ಆದರೆ ಇದೇ ಸಲ್ಫನಿಲಮೈಡ್ ೧೯೩೭ರಲ್ಲಿ ಅಮೆರಿಕದಲ್ಲಿ ಒಂದು ಘೋರ ದುರಂತಕ್ಕೆ ನಿಮಿತ್ತವಾಯಿತು. ಒಂದು ಕಂಪೆನಿಯು ಮಕ್ಕಳಿಗೂ ಕುಡಿಯಲು ಅನುಕೂಲವಾಗಲೆಂದು ಮದ್ದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ ದ್ರವದಲ್ಲಿ ಕರಗಿಸಿ ಮಾರಿತು. ಆ ದ್ರವವು ಮೂತ್ರಪಿಂಡಗಳನ್ನು ಕೆಡಿಸುವ ವಿಷ. ನೂರಕ್ಕೂ ಹೆಚ್ಚು ಜನರು, ಅವರಲ್ಲಿ ಅನೇಕರು ಮಕ್ಕಳು, ಪ್ರಾಣಬಿಟ್ಟರು. ಸೀಸೆಯೊಳಗೆ ಸಲ್ಫನಿಲಮೈಡ್ ಎಷ್ಟಿದೆಯೆಂದು ಮಾತ್ರ ವಿಚಾರಿಸಿದ್ದರೆ ಯಾವ ದೋಷವೂ ಕಾಣುತ್ತಿರಲಿಲ್ಲ; ಕೊಂದದ್ದು ಮದ್ದಲ್ಲ, ಮದ್ದನ್ನು ಹೊತ್ತ ದ್ರವ. ಮಾರುವುದಕ್ಕೆ ಮೊದಲು ಔಷಧವು ನಿರಪಾಯವೆಂದು ತೋರಿಸಬೇಕೆಂಬ ಕಾನೂನು ಆ ದೇಶದಲ್ಲಿ ೧೯೩೮ರಲ್ಲಿ ಬಂದದ್ದು ಈ ಸಾವುಗಳ ಬಳಿಕ. ಹಾಗಿದ್ದರೂ ೧೯೮೬ರಲ್ಲಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಇದೇ ವಿಷವು ಬೆರೆತ ಗ್ಲಿಸರಿನ್ನಿನಿಂದ ೧೪ ರೋಗಿಗಳು ಮೃತಪಟ್ಟರು. ೨೦೨೨ರಲ್ಲಿ ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ ೬೦ಕ್ಕೂ ಮಿಕ್ಕ ಮಕ್ಕಳ ಮರಣಕ್ಕೂ, ನಮ್ಮ ದೇಶದಲ್ಲಿ ತಯಾರಾದ, ಇಂಥ ವಿಷವುಳ್ಳ ಸಿರಪ್ಪುಗಳಿಗೂ ಸಂಬಂಧವಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಸಿತು. ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾದದ್ದೆಲ್ಲವೂ ಒಳ್ಳೆಯದೆಂದು ತಿಳಿಯಬಾರದೆಂಬುದಕ್ಕೆ ಇದಕ್ಕಿಂತ ಕಠಿನವಾದ ಪಾಠವು ಬೇಕಿಲ್ಲ.

ಇಂದು ದೊಡ್ಡ ಪ್ರಯೋಗಶಾಲೆಗಳಲ್ಲಿ ಮದ್ದಿನ ಅಂಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಬೆಲೆಬಾಳುವ ಯಂತ್ರಗಳಿವೆ; ಹೆಚ್ಚಿನ ಕೆಲಸವು ಅವುಗಳಿಂದಲೇ ನಡೆಯುತ್ತದೆ. ಹಾಗೆಂದು ವರ್ಣಪರೀಕ್ಷೆಯು ಮೂಲೆ ಸೇರಲಿಲ್ಲ. ಆ ಯಂತ್ರಗಳು ಹೋಗಲಾರದ ಊರುಗಳಿಗೆ ಅದು ಹೋಗಬಲ್ಲುದು. ಆಗ್ನೇಯ ಏಷ್ಯದಲ್ಲಿ ಮಲೇರಿಯಾ ರೋಗಕ್ಕೆ ಕೊಡುವ ಆರ್ಟೆಸುನೇಟ್ ಎಂಬ ಔಷಧದ ಹೆಸರಿನಲ್ಲಿ ಖೋಟಾ ಗುಳಿಗೆಗಳು ಹಬ್ಬಿದಾಗ, ಫಾಸ್ಟ್ ರೆಡ್ ಎಂಬ ಬಣ್ಣದ ಪದಾರ್ಥದಿಂದ ಮಾಡುವ ಸರಳ ಪರೀಕ್ಷೆಯು ಬಹಳ ಉಪಕಾರ ಮಾಡಿತು. ನಿಜವಾದ ಮದ್ದಿದ್ದರೆ ಹಳದಿ ಬಣ್ಣ ಬರುತ್ತದೆ, ಇಲ್ಲದಿದ್ದರೆ ಬಾರದು. ೨೦೦೧ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ, ಅಂಗಡಿಗಳಿಂದ ಕೊಂಡ ೧೦೪ ಮಾದರಿಗಳಲ್ಲಿ ನೂರಕ್ಕೆ ೩೮ರಂತೆ ಆ ಮದ್ದೇ ಇರಲಿಲ್ಲ. ಅನಂತರ ದೊರೆತ ಖೋಟಾ ಗುಳಿಗೆಗಳಲ್ಲಿ ಕೆಲವಕ್ಕೆ ನಿಜವಾದ ಮದ್ದನ್ನು ಅತ್ಯಲ್ಪವಾಗಿ ಬೆರೆಸಲಾಗಿತ್ತು; ಬಣ್ಣದ ಪರೀಕ್ಷೆಯನ್ನು ವಂಚಿಸುವುದಕ್ಕಾಗಿಯೇ ಹೀಗೆ ಮಾಡಿರಬಹುದೆಂದು ಶೋಧಕರು ಊಹಿಸಿದರು. ಅಂಥ ಅಲ್ಪಪ್ರಮಾಣವು ರೋಗವನ್ನು ಗುಣಪಡಿಸುವುದಿಲ್ಲ; ಬದಲಾಗಿ ಮದ್ದಿಗೆ ಬಗ್ಗದ ಕ್ರಿಮಿಗಳು ಬೆಳೆಯಲು ದಾರಿಮಾಡಿಕೊಡುತ್ತದೆ. ಇದೆಯೇ ಎಂದು ಕೇಳಿದರೆ ಸಾಲದು, ಎಷ್ಟಿದೆ ಎಂದು ಕೇಳಬೇಕೆಂಬುದು ಇದರಿಂದ ವಿಶದವಾಗುತ್ತದೆ. ಬಡ ಹಾಗೂ ಮಧ್ಯಮ ವರಮಾನದ ದೇಶಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಔಷಧವು ಕೀಳು ಅಥವಾ ಖೋಟಾ ಆಗಿರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೭ರಲ್ಲಿ ಅಂದಾಜುಮಾಡಿತು.

ನಮ್ಮ ದೇಶದಲ್ಲಿ ಕರ್ನಲ್ ಚೋಪ್ರಾ ಅವರ ಅಧ್ಯಕ್ಷತೆಯ ಸಮಿತಿಯು ೧೯೩೦-೩೧ರಲ್ಲಿ ಈ ವಿಷಯವನ್ನು ವಿಚಾರಿಸಿ ವರದಿಯನ್ನು ಒಪ್ಪಿಸಿತು. ೧೯೪೦ರಲ್ಲಿ ಔಷಧಗಳ ಕಾನೂನು ಆಯಿತು. ೧೯೫೫ರಲ್ಲಿ ಭಾರತೀಯ ಔಷಧಸಂಹಿತೆಯ ಮೊದಲನೆಯ ಆವೃತ್ತಿಯು ಹೊರಟಿತು. ಆ ಕಾನೂನಿನಲ್ಲಿ ಅನೇಕರಿಗೆ ತಿಳಿಯದ ಒಂದು ಉಪಯುಕ್ತ ವಿಧಿಯಿದೆ. ಅದರ ೨೬ನೆಯ ಪ್ರಕರಣದ ಪ್ರಕಾರ, ಔಷಧವನ್ನು ಕೊಂಡ ಯಾವ ಸಾಮಾನ್ಯ ವ್ಯಕ್ತಿಯಾದರೂ ಗೊತ್ತುಪಡಿಸಿದ ಶುಲ್ಕವನ್ನು ಕೊಟ್ಟು, ಸರಕಾರಿ ವಿಶ್ಲೇಷಕರಿಂದ ಅದನ್ನು ಪರೀಕ್ಷೆ ಮಾಡಿಸಿ ವರದಿಯನ್ನು ಪಡೆಯಬಹುದು.

ಮನೆವಾರ್ತೆಯನ್ನು ನೋಡುವ ಹೆಣ್ಣುಮಕ್ಕಳಿಗೆ ಇದರಿಂದ ಕೆಲವು ಬುದ್ಧಿಮಾತುಗಳು ದೊರೆಯುತ್ತವೆ. ಗುಳಿಗೆಗಳನ್ನು ಅಡಿಗೆಮನೆಯ ಹಬೆಗೂ ಸ್ನಾನದ ಮನೆಯ ತೇವಕ್ಕೂ ದೂರವಾಗಿ, ಅವುಗಳ ಸ್ವಂತ ಪೊಟ್ಟಣದಲ್ಲಿಯೇ ಇಡತಕ್ಕದ್ದು. ಆಸ್ಪಿರಿನ್ನಿಗೆ ಹುಳಿವಾಸನೆ ಹತ್ತಿದರೆ ಅಥವಾ ಅದರ ಮೇಲೆ ಸೂಜಿಯಂಥ ಸಣ್ಣ ಹರಳುಗಳು ಕಂಡರೆ ಅದನ್ನು ಉಪಯೋಗಿಸಲಾಗದು. ಜ್ವರ ಬಂದ ಮಕ್ಕಳಿಗೆ ವೈದ್ಯರ ಅಪ್ಪಣೆಯಿಲ್ಲದೆ ಆಸ್ಪಿರಿನ್ನನ್ನು ಕೊಡಲೇ ಬಾರದು. ಶಾಲೆಯಲ್ಲಿ ಕಲಿತ ಬಣ್ಣದ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ ಔಷಧವು ಸೇವನೆಗೆ ಯೋಗ್ಯವೆಂದು ತೀರ್ಮಾನಿಸುವುದೂ ತರವಲ್ಲ. ಸಂಶಯ ಬಂದಾಗ ಔಷಧವನ್ನು ಅದರ ಪೊಟ್ಟಣದೊಡನೆಯೂ ಖರೀದಿಯ ರಸೀದಿಯೊಡನೆಯೂ ಬಲ್ಲವರ ಬಳಿಗೆ ಒಯ್ಯಬೇಕು.

ನಮ್ಮ ಹಳೇ ವಿದ್ಯಾರ್ಥಿನಿಯರಲ್ಲಿ ಹಲವರು ದಾದಿಯರಾಗಿದ್ದಾರೆ. ಈಗ ಕಲಿಯುತ್ತಿರುವವರಲ್ಲಿ ಕೆಲವರು ಔಷಧಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ಹೋಗುವವರಿದ್ದಾರೆ. ತಕ್ಕಡಿಯ ಮುಂದೆ ನಿಂತು ಮೂರನೆಯ ದಶಾಂಶವನ್ನು ಬರೆಯುವಾಗಲೂ, ಬರಿದಾದ ದ್ರಾವಣವನ್ನು ಮರೆಯದೆ ಇಡುವಾಗಲೂ, ಅದು ಬೇಸರದ ಕೆಲಸವೆಂದು ಅವರಿಗೆ ತೋರಬಹುದು. ಆ ಅಂಕಿಯ ಆಚೆ ಕಡೆಯಲ್ಲಿ ಗುಳಿಗೆಯನ್ನು ನಂಬಿ ನೀರಿನ ಲೋಟವನ್ನು ಕೈಯಲ್ಲಿ ಹಿಡಿದಿರುವ ಒಬ್ಬ ರೋಗಿಯಿದ್ದಾನೆ. ಅವನು ಪರೀಕ್ಷಕಳ ಮುಖವನ್ನು ಎಂದೂ ನೋಡಲಾರನು. ಅವಳ ಕೆಲಸದ ನಿಷ್ಠೆಯ ಮೇಲೆ ಮಾತ್ರ ಅವನ ಕ್ಷೇಮವು ನಿಂತಿದೆ. ಇದನ್ನು ನಮ್ಮ ಹುಡುಗಿಯರು ತಮ್ಮ ನಳಿಗೆಗಳನ್ನು ತೊಳೆಯುವ ಕಾಲದಿಂದಲೇ ಅಭ್ಯಾಸಮಾಡಿಕೊಳ್ಳಲಿ.